ಇಲಿಗಳ ಸಭೆ, ಬೆಕ್ಕಿನ ಮನೆಯಲ್ಲಿ

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಸಭೆ ಸೇರಿದ ಕಥೆ ಎಲ್ಲರಿಗೂ ಗೊತ್ತು. ಸಭೆ ಎಲ್ಲಿ ನಡೆಯಿತು ಅನ್ನೋದು ಮಾತ್ರ ಕಥೆಯಲ್ಲಿಲ್ಲ. ಈಗಿನ ಕಾಲದ ಇಲಿಗಳಾಗಿದ್ದರೆ ಬೆಕ್ಕಿನ ಮನೆಯಲ್ಲೇ ಸೇರುತ್ತಿದ್ದವು. ಹಾಲ್ ದೊಡ್ಡದು, ಎಸಿ ಇದೆ, ಸ್ವಾಗತಕ್ಕೆ ಬೆಕ್ಕೇ ಬಾಗಿಲಲ್ಲಿ ನಿಂತಿರುತ್ತದೆ.

ಸುಮ್ನೆ ಹೇಳುತ್ತಿಲ್ಲ. ಇಂಟರ್ನೆಟ್ ಹೇಗಿರಬೇಕು, ಅಲ್ಲಿ ಜನರ ಹಕ್ಕು ಕಾಯುವುದು ಹೇಗೆ ಅಂತ ಮಾತಾಡೋಕೆ ವಿಶ್ವಸಂಸ್ಥೆ ವರ್ಷಕ್ಕೊಮ್ಮೆ ಇಂಟರ್ನೆಟ್ ಗವರ್ನೆನ್ಸ್ ಫೋರಂ ಅಂತ ದೊಡ್ಡ ಸಭೆ ಕರೆಯುತ್ತದೆ. 2024ರಲ್ಲಿ ಅದು ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಆ ದೇಶದಲ್ಲಿ, ಟ್ವೀಟ್ ಮಾಡಿದ್ದಕ್ಕೆ ಜೈಲು ಸೇರಿದ್ದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರ 6 ವರ್ಷದ ಶಿಕ್ಷೆಯನ್ನು ಮೇಲ್ಮನವಿ ಕೋರ್ಟು 34 ವರ್ಷಕ್ಕೆ ಏರಿಸಿತ್ತು. ಆಮೇಲೆ ಇಳಿಸಿದರು ಅನ್ನಿ. ಅಂಥ ಕಡೆ ಪ್ರತಿನಿಧಿಗಳೆಲ್ಲ ಸಾಲಾಗಿ ನಿಂತು ಬ್ಯಾಡ್ಜ್ ಹಾಕಿಸಿಕೊಂಡರು. ಗಂಟೆ ಕಟ್ಟಬೇಕಾಗಿದ್ದು ಬೆಕ್ಕಿನ ಕೊರಳಿಗೆ, ಬ್ಯಾಡ್ಜ್ ಬಿದ್ದದ್ದು ಇಲಿಗಳ ಕೊರಳಿಗೆ.

ಇದು ಹುಟ್ಟುಗುಣ. ಈ ಫೋರಂ ಹುಟ್ಟಿದ್ದೇ 2005ರಲ್ಲಿ ವಿಶ್ವಸಂಸ್ಥೆ ನಡೆಸಿದ ಟ್ಯುನಿಸ್ ಶೃಂಗಸಭೆಯಲ್ಲಿ. ಆಗ ಟ್ಯುನೀಶಿಯಾದಲ್ಲಿ ಅಧ್ಯಕ್ಷ ಬೆನ್ ಅಲಿಯ ಆಡಳಿತ, ವೆಬ್‌ಸೈಟ್ ಬ್ಲಾಕ್ ಮಾಡುವುದರಲ್ಲಿ ಎತ್ತಿದ ಕೈ. ಸ್ವಿಟ್ಜರ್ಲೆಂಡಿನ ಅಧ್ಯಕ್ಷ ಸ್ಯಾಮ್ಯುಯೆಲ್ ಶ್ಮಿಡ್ ವೇದಿಕೆಯಲ್ಲೇ ನಿಂತು, ಇಂಟರ್ನೆಟ್‌ನಲ್ಲಿ ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಹಾಕುವುದು ಒಪ್ಪುವಂಥದ್ದಲ್ಲ ಅಂದರು. ಅಲ್ಲಿನ ಸರ್ಕಾರಿ ಟಿವಿ ಅವರ ಭಾಷಣದ ನೇರ ಪ್ರಸಾರವನ್ನೇ ಕಟ್ ಮಾಡಿತು. ಪಾಪ, ಅವರ ಮಾತಿಗೆ ಸಾಕ್ಷಿ ಹುಡುಕುವ ಕಷ್ಟ ತಪ್ಪಿತು.

2009ರದ್ದು ಇನ್ನೂ ಚೆನ್ನಾಗಿದೆ. ಜಾಗ ಈಜಿಪ್ಟಿನ ಶರ್ಮ್ ಎಲ್ ಶೇಖ್. ಇಂಟರ್ನೆಟ್ ಸೆನ್ಸಾರ್ ಬಗ್ಗೆ ಸಂಶೋಧಕರು ಬರೆದ ಪುಸ್ತಕವೊಂದರ ಬಿಡುಗಡೆ ಇತ್ತು, ಅದರ ಪೋಸ್ಟರ್‌ನಲ್ಲಿ ಚೀನಾದ ಫೈರ್‌ವಾಲ್, ಅಂದರೆ ವೆಬ್‌ಸೈಟ್ ತಡೆಯುವ ಅದರ ವ್ಯವಸ್ಥೆಯ, ಹೆಸರು ಬಂದಿತ್ತು, ಅಷ್ಟಕ್ಕೇ ಪೋಸ್ಟರ್ ತೆಗೆಸಿದರು. ತೆಗೆಸಿದ್ದು ಈಜಿಪ್ಟ್ ಪೊಲೀಸರಲ್ಲ. ವಿಶ್ವಸಂಸ್ಥೆಯವರೇ! ಈಜಿಪ್ಟ್ ಮುಂದೆ 2011ರ ಜನವರಿಯಲ್ಲಿ, ಜನ ಬೀದಿಗಿಳಿದಾಗ, ದೇಶದ ಇಂಟರ್ನೆಟ್ಟನ್ನೇ ಹೆಚ್ಚುಕಡಿಮೆ ಪೂರ್ತಿ ಆಫ್ ಮಾಡಿತು.

ಅಂಥ ದೇಶಗಳಿಗೆ ಹೋಗಿ ಅವರೆದುರೇ ಮಾತಾಡಬೇಕು ಅನ್ನುವವರಿದ್ದಾರೆ. ಅವರನ್ನು ನಾನು ಬೈಯಲ್ಲ, ಅಲ್ಲಿನ ಕಾರ್ಯಕರ್ತರ ಮಾತು ಹೊರಗಿನವರ ಕಿವಿಗೆ ಬೀಳಲು ಕೆಲವೊಮ್ಮೆ ಅದೊಂದೇ ದಾರಿ. ಆದರೆ ಬಾಗಿಲು ಯಾರ ಕೈಯಲ್ಲಿದೆ ಅಂತ ನೋಡಿಕೊಂಡು ಒಳಗೆ ಹೋಗಬೇಕು, ಅಲ್ವಾ?

ಕಾಗದಕ್ಕೆ ಮಾತ್ರ ಏನೂ ಕೊರತೆಯಿಲ್ಲ. ಹೊರಗೆ ಇರುವ ಹಕ್ಕುಗಳೇ ಆನ್‌ಲೈನ್‌ನಲ್ಲೂ ಇರಬೇಕು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2012ರಲ್ಲೇ ಹೇಳಿದೆ. ಬೇಕಂತಲೇ ಇಂಟರ್ನೆಟ್ ಕತ್ತರಿಸುವುದನ್ನು 2016ರಲ್ಲಿ ಖಂಡಿಸಿದೆ. ಎರಡೂ ನಿರ್ಣಯ ಮತಕ್ಕೆ ಹಾಕದೆ ಪಾಸಾದವು. ಪಾಲಿಸದವರಿಗೆ ಏನು ಶಿಕ್ಷೆ ಅಂದರೆ, ಇನ್ನೊಂದು ನಿರ್ಣಯ.

ಕೊನೆಗೆ 2022, ಇಥಿಯೋಪಿಯಾದ ಅಡಿಸ್ ಅಬಾಬಾ. ಎಲ್ಲರಿಗೂ ಸೇರಿದ, ಏಟು ತಿಂದರೂ ನಿಲ್ಲದ ಇಂಟರ್ನೆಟ್ ಬೇಕು ಅನ್ನೋದು ಆ ವರ್ಷದ ವಿಷಯ. ಐದು ದಿನದ ಸಭೆ. ಅದೇ ದೇಶದ ಉತ್ತರದ ಟಿಗ್ರಾಯ್ ಪ್ರದೇಶದಲ್ಲಿ, ಯುದ್ಧ ಶುರುವಾದ 2020ರ ನವೆಂಬರ್‌ನಿಂದ ಎರಡು ವರ್ಷ ಇಂಟರ್ನೆಟ್ ಇಲ್ಲ, ತಮ್ಮವರು ಬದುಕಿದ್ದಾರಾ ಸತ್ತಿದ್ದಾರಾ ಅಂತ ಕೇಳೋಕೆ ಬಹುಪಾಲು ಸಮಯ ಫೋನೂ ಇಲ್ಲ. ಬರಲಾಗದವರನ್ನು ಸಂಘಟಕರು ಮರೆತಿರಲಿಲ್ಲ. ಸಭೆಗೆ ಆನ್‌ಲೈನ್‌ನಲ್ಲೂ ಸೇರಿಕೊಳ್ಳಬಹುದಿತ್ತು.