ಮಾಗಡಿ ಕೆರೆಯ ದಂಡೆಗೊಬ್ಬರು ಹೇಳುವವರು ಬೇಕು

ಕಳೆದ ಜನವರಿಯಲ್ಲಿ ಗದಗಿಗೆ ಹೋದಾಗ ಮಗಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಹೊಲಗಳಲ್ಲಿ ಮೇದ ಹೆಬ್ಬಾತುಗಳು ಹಿಂಡು ಹಿಂಡಾಗಿ ಬಂದು ನೀರಿಗಿಳಿಯುತ್ತಿದ್ದವು. ಅಷ್ಟರಲ್ಲಿ ಒಂದು ಶಾಲೆಯ ಬಸ್ ಬಂತು. ಮಕ್ಕಳು ಗದ್ದಲ ಮಾಡುತ್ತ ಇಳಿದರು, ದಂಡೆಯ ಮೇಲೆ ಸಾಲಾಗಿ ನಿಂತರು. ಮಾಸ್ತರರು ಕೆರೆಗೆ ಬೆನ್ನು ಮಾಡಿಸಿ ಫೋಟೋ ತೆಗೆದರು. ಒಬ್ಬ ಹುಡುಗ ಕೇಳಿದ: "ಸರ್, ಇವು ಯಾವ ಹಕ್ಕಿರೀ?"

"ಫಾರಿನ್ ಹಕ್ಕಿ."

"ಎಲ್ಲಿಂದ ಬರ್ತಾವ್ರೀ?"

"ಫಾರಿನ್‌ನಿಂದ."

ಆಮೇಲೆ ಸೀಟಿ. "ಸಾಕ್ ನಡ್ರಿ, ಇನ್ನ ಲಕ್ಷ್ಮೇಶ್ವರದ ಗುಡಿ ನೋಡೂದೈತಿ." ಬಸ್ಸು ಧೂಳೆಬ್ಬಿಸಿ ಹೊರಟೇಹೋಯಿತು.

ಸೋಮೇಶ್ವರ ಗುಡಿ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದ. ಉತ್ತರವೂ ಅಷ್ಟೇ ಚೆನ್ನಾಗಿದೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಕೆರೆಗಳಲ್ಲಿ ಮರಿ ಮಾಡುವ ಹಕ್ಕಿ ಇದು. ಚಳಿಗಾಲಕ್ಕೆ ಹಿಮಾಲಯ ದಾಟಿ ಕೆಳಗೆ ಬರುತ್ತದೆ. 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದನ್ನು ಅಳೆದಿದ್ದಾರೆ. ಅಲ್ಲಿನ ತೆಳು ಗಾಳಿಯಲ್ಲಿ ನಾವು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತೇವೆ, ಇವು ರೆಕ್ಕೆ ಬಡಿಯುತ್ತ ಹೋಗುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಕಟ್ಟಿ ಬಿಟ್ಟ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುವುದಕ್ಕೇ ಪಟ್ಟೆತಲೆ ಹೆಬ್ಬಾತು ಅನ್ನುವುದು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಸೀಟಿ ಊದಿ ಎಲ್ಲರನ್ನೂ ಬಸ್ ಹತ್ತಿಸುವಷ್ಟೂ ಬೇಡ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರಲ್ಲಿ. ಊರಿನ ಅಂಚಿಗೆ ಒಂದು ನೇಚರ್ ಸೆಂಟರ್ ಇದೆ. ದೊಡ್ಡದೇನಲ್ಲ. ಒಂದಿಷ್ಟು ಕಾಡು, ಒಂದು ಹೊಂಡ, ಮರದ ಕಟ್ಟಡ. ಪ್ರತಿ ತಿಂಗಳ ಕಾರ್ಯಕ್ರಮದ ಹಾಳೆ ಮನೆಗೆ ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಗೂಬೆ ಕೂಗು ಕೇಳಲು ರಾತ್ರಿ ನಡಿಗೆಯಂತೆ, ಸೀಟು ಭರ್ತಿಯಂತೆ! ನಮ್ಮಜ್ಜಿ ಇದ್ದಿದ್ದರೆ ಆ ಊರನ್ನೇ ಬಿಟ್ಟು ಬಾ ಅನ್ನುತ್ತಿದ್ದಳು.

ಆದರೆ ಮಗಳ ಹಟಕ್ಕೆ ಹೋದೆ. ನಡಿಗೆಗೆ ಮೊದಲು ಮಕ್ಕಳನ್ನು ಮೇಜಿನ ಸುತ್ತ ಕೂರಿಸಿ ಒಬ್ಬೊಬ್ಬರ ಮುಂದೆ ಹೆಬ್ಬೆರಳು ಗಾತ್ರದ ಬೂದು ಉಂಡೆ ಇಟ್ಟರು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಎಲುಬು, ಕೂದಲು ಉಂಡೆಯಾಗಿ ಬಾಯಿಯಿಂದಲೇ ವಾಪಸ್ ಬರುತ್ತದೆ. ಅದನ್ನು ಬಿಸಿಯಲ್ಲಿಟ್ಟು ಶುದ್ಧ ಮಾಡಿ ಮಕ್ಕಳ ಕೈಗೆ ಕೊಡುತ್ತಾರೆ, ಜೊತೆಗೊಂದು ಚಿಮಟ. ನನ್ನ ಮಗಳು ಉಸಿರು ಬಿಗಿಹಿಡಿದು ಕೂದಲು ಬಿಡಿಸಿದಳು. ಮೊದಲು ಒಂದು ಪಕ್ಕೆಲುಬು ಬಂತು, ದಾರದಷ್ಟು ತೆಳು. ಆಮೇಲೆ ಒಂದು ದವಡೆ. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಹಲ್ಲು.

ಅಲ್ಲಿ ಹೇಳಿಕೊಡುತ್ತಿದ್ದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಅಜ್ಜ. ಸಂಬಳ ಇಲ್ಲ. ಮಂಡಿಯೂರಿ ಮಗಳ ಪಕ್ಕ ಕೂತರು. "ಇದು ಯಾವುದರ ಹಲ್ಲು?" ಅಂತ ಅವಳು ಕೇಳಿದಳು. ಅವರು ಹೇಳಲಿಲ್ಲ. "ನಿನಗೇನನಿಸುತ್ತೆ? ಇದು ಕಚ್ಚೋ ಹಲ್ಲೋ, ಕೊರೆಯೋ ಹಲ್ಲೋ?" ಅಂತ ತಿರುಗಿ ಕೇಳಿದರು. ಅವಳು ಯೋಚಿಸಿದಳು. ತಪ್ಪು ಹೇಳಿದಳು. ಅವರು ಇನ್ನೊಂದು ದವಡೆ ತಂದು ಪಕ್ಕಕ್ಕಿಟ್ಟು ಸುಮ್ನೆ ಕೂತರು. ಅವಸರವೇ ಇಲ್ಲ ಆ ಮನುಷ್ಯನಿಗೆ. ಕೊನೆಗೆ ಅವಳೇ "ಇಲಿ!" ಅಂತ ಕೂಗಿದಳು. ಎಲುಬನ್ನೆಲ್ಲ ಕಪ್ಪು ಕಾಗದಕ್ಕೆ ಅಂಟಿಸಿ ಮನೆಗೆ ತಂದು ವಿಡಿಯೋ ಕಾಲ್‌ನಲ್ಲಿ ನಮ್ಮವ್ವನಿಗೆ ತೋರಿಸಿದಳು. "ಥೂ, ಮೊದ್ಲ ಕೈ ತೊಳಕೊ" ಅಂದಳು ಅವ್ವ.

ನನ್ನ ತಲೆಯಲ್ಲಿ ಉಳಿದದ್ದು ಆ ಮಂಡಿಯೂರಿದ ಅಜ್ಜ. ಅಲ್ಲಿನ ಕಟ್ಟಡ, ದುರ್ಬೀನು, ಬಣ್ಣದ ಚಾರ್ಟು ಎಲ್ಲ ಆಮೇಲಿನ ಮಾತು. ಮಾರ್ಚ್‌ನಲ್ಲಿ ಇನ್ನೊಬ್ಬಾಕೆ ಮೇಪಲ್ ಮರಕ್ಕೆ ತೂತು ಕೊರೆದು ಬಕೆಟ್ ನೇತುಹಾಕಿಸುತ್ತಾರೆ. ರಾತ್ರಿ ನೀರು ಗಡ್ಡೆ ಕಟ್ಟಿ ಹಗಲು ಕರಗುವ ದಿನಗಳಲ್ಲೇ ರಸ ಇಳಿಯುವುದು. ಸುಮಾರು 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಒಲೆಯ ಮುಂದೆ ಅಪ್ಪ, ಅವ್ವ, ಮಕ್ಕಳು, ಅಜ್ಜ, ಅಜ್ಜಿ ಎಲ್ಲ ನಿಂತಿರುತ್ತಾರೆ, ಥೇಟ್ ನಮ್ಮ ಗಾಣದ ಮನೆಯ ಹಾಗೆ. ಸೆಪ್ಟೆಂಬರ್‌ನಲ್ಲಿ ಮೊನಾರ್ಕ್ ಚಿಟ್ಟೆಯ ರೆಕ್ಕೆಗೆ ಸಣ್ಣ ಚೀಟಿ ಅಂಟಿಸಿ ಮೆಕ್ಸಿಕೋಗೆ ಕಳಿಸುತ್ತಾರೆ. ಯಾವ ಕಾರ್ಯಕ್ರಮಕ್ಕೆ ಹೋದರೂ ಮಗುವಿನ ಎತ್ತರಕ್ಕೆ ಬಗ್ಗುವವರು ಒಬ್ಬರು ಇದ್ದೇ ಇರುತ್ತಾರೆ.

ನಮ್ಮಲ್ಲಿ ನೋಡಲು ಇಲ್ಲವೆಂದೇ? ಬಂಕಾಪುರದ ಕೋಟೆಯೊಳಗೆ ನವಿಲು. ರಾಣೆಬೆನ್ನೂರಲ್ಲಿ 1974ರಿಂದ ಕೃಷ್ಣಮೃಗದ ಅಭಯಾರಣ್ಯ. ಗದಗಿನ ಬೆನ್ನಿಗೇ ಕಪ್ಪತಗುಡ್ಡ, ತುಂಬ ಔಷಧಿ ಗಿಡ. ಮಾಗಡಿ ಕೆರೆಯಂತೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ನಮ್ಮ ಶಿರಹಟ್ಟಿ ತಾಲೂಕಿನದೂ ಒಂದು. ವಿಸ್ಕಾನ್ಸಿನ್‌ನ ನಮ್ಮ ಹೊಂಡಕ್ಕೆ ಆ ಭಾಗ್ಯ ಇಲ್ಲ. ಆದರೂ ಆ ಹೊಂಡದ ಒಂದೊಂದು ಕಪ್ಪೆಯ ಬಗ್ಗೆ ಮಗಳಿಗೆ ಗೊತ್ತು. ಗದಗಿನಲ್ಲೇ ಬೆಳೆದ ನನ್ನ ತಮ್ಮನ ಮಗ ಮಾಗಡಿಗೆ ಹೋಗಿಯೇ ಇಲ್ಲ. "ಅಲ್ಲೇನೈತಿ ದೊಡ್ಡಪ್ಪಾ, ಬಾತುಕೋಳಿ ಅದಾವಷ್ಟ" ಅಂದ. ಅವನ ಶಾಲೆಯ ಪ್ರವಾಸ ವಾಟರ್ ಪಾರ್ಕಿಗೆ ಹೋಗಿತ್ತಂತೆ.

ಇದನ್ನೆಲ್ಲ ಊರಲ್ಲಿ ಹೇಳಿದರೆ ಒಂದೇ ಮಾತು: "ಅವರ ಹತ್ರ ರೊಕ್ಕ ಐತಿ, ಮಾಡ್ತಾರ." ಸರಿ, ಜಾಗ ಅಲ್ಲಿನ ನಗರಸಭೆಯದು, ಒಂದಿಬ್ಬರಿಗೆ ಸಂಬಳವನ್ನೂ ಅದೇ ಕೊಡುತ್ತದೆ. ಉಳಿದದ್ದು ನಡೆಯುವುದು ಸದಸ್ಯರ ಚಂದಾ, ದೇಣಿಗೆ, ಮತ್ತೆ ಪುಕ್ಕಟೆ ಬಂದು ದುಡಿಯುವ ನಿವೃತ್ತರಿಂದ. ಧಾರವಾಡದಲ್ಲಿ ನಿವೃತ್ತರಿಗೆ ಬರವೇ? ಬೆಳಗಿನ ಆರಕ್ಕೆ ಸಾಧನಕೇರಿಯ ದಂಡೆಗೆ ಹೋಗಿ ನೋಡಿ. ಕೀಟದ ಮೇಲೆ ಡಾಕ್ಟರೇಟ್ ಮಾಡಿದವರು, ಹುಲ್ಲಿನ ಜಾತಿಯೆಲ್ಲ ಬಾಯಿಪಾಠ ಇರುವ ಕೃಷಿ ವಿಶ್ವವಿದ್ಯಾಲಯದ ಹಿರಿಯರು ಮಫ್ಲರ್ ಸುತ್ತಿಕೊಂಡು ಪೆನ್ಷನ್ ಅರಿಯರ್ಸ್ ಬಗ್ಗೆ ಮಾತಾಡುತ್ತಿರುತ್ತಾರೆ. ಪಕ್ಕದ ಮರದಲ್ಲಿ ಬೆಳ್ಳಕ್ಕಿ ಕೂತಿರುತ್ತದೆ. ಅವರೆಲ್ಲ ವಾರಕ್ಕೊಂದು ತಾಸು ಮಕ್ಕಳಿಗೆ ಕೊಟ್ಟರೆ ಊರಿಗೆ ಊರೇ ನೇಚರ್ ಸೆಂಟರ್ ಆಗುತ್ತದೆ. ಕೇಳಿದರೆ, "ನಮ್ಮನ್ನ ಯಾರು ಕರದಾರ?" ಅನ್ನುತ್ತಾರೆ. ಕರೆದರೆ ಹಾರ, ಶಾಲು, ವೇದಿಕೆ, ಮೈಕು. ಮಕ್ಕಳು ಕೆಳಗೆ ಬಿಸಿಲಲ್ಲಿ.

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳದೆ ಗತಿಯಿಲ್ಲ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ, ಸರಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಕಪ್ಪತಗುಡ್ಡದ ಸಲುವಾಗಿ ಗದಗಿನ ಜನ, ಮಠದ ಸ್ವಾಮಿಗಳು ಬೀದಿಗಿಳಿದಿದ್ದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಒಂದು ಗುಡ್ಡಕ್ಕಾಗಿ ಅಷ್ಟು ಜನ ಹೊರಬಂದದ್ದನ್ನು ನಾನಿರುವ ಊರಲ್ಲಿ ಕಂಡಿಲ್ಲ.

ಮತ್ತೆ ಎಳ್ಳ ಅಮಾವಾಸ್ಯೆ. ಬಂಡಿ ಹೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ತಿಂದ ಮಕ್ಕಳಿಗೆ ಯಾರೂ ರಿಜಿಸ್ಟ್ರೇಶನ್ ಕೇಳಲಿಲ್ಲ. ಅಲ್ಲಿ ನಮ್ಮ ನೇಚರ್ ಸೆಂಟರ್‌ನಲ್ಲಿ ಕಾಲಿಡುವ ಮೊದಲೇ ಮಗು ಬಿದ್ದರೆ ನಾವು ಹೊಣೆಯಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಬೇಕು. ಹಾದಿ ಬಿಟ್ಟು ಇಳಿಯುವಂತಿಲ್ಲ, ಹೂ ಕೀಳುವಂತಿಲ್ಲ, ಗಂಟೆ ಮುಗಿದರೆ ಮುಗಿಯಿತು. ನನ್ನ ಮಗಳಿಗೆ ಗೂಬೆಯ ಉಂಡೆಯೊಳಗಿನ ದವಡೆ ಲೆಕ್ಕ ಗೊತ್ತು, ಕಡ್ಲಿ ಸುಲಗಾಯಿ ಕಿತ್ತು ತಿಂದು ಮಾತ್ರ ಗೊತ್ತಿರಲಿಲ್ಲ. ಮಾಗಡಿಗೆ ಹೋದ ದಿನ ಅದೂ ಆಯಿತು.

ಆಗಿಸಿದವರು ಕೆರೆ ಪಕ್ಕದ ಹೊಲದ ಒಬ್ಬ ಹಿರಿಯರು. ಶಾಲೆಯ ಬಸ್ಸು ಹೋದ ಮೇಲೆ ಬೀಡಿ ಹಚ್ಚಿಕೊಂಡು ದಂಡೆಗೆ ಬಂದರು. ಮಗಳು ತನಗೆ ಬಂದಷ್ಟು ಕನ್ನಡದಲ್ಲಿ ಹಕ್ಕಿಗಳು ರಾತ್ರಿ ಎಲ್ಲಿಗೆ ಹೋಗುತ್ತವೆ ಅಂತ ಕೇಳಿದಳು. "ನನ್ನ ಹೊಲಕ್ಕ ಬರ್ತಾವವ್ವ!" ಅಂದರು. ಕತ್ತಲಾದ ಮೇಲೆ ಬಂದು ಕಡ್ಲಿ, ಶೇಂಗಾ ಮೇಯುವುದು, ಬೆಳಕಾದ ಮೇಲೆ ಕೆರೆಗೆ ವಾಪಸಾಗುವುದು, ತಾವು ಡಬ್ಬಿ ಬಡಿದು ಓಡಿಸುವುದು, ಕೆರೆ ಬತ್ತಿದ ವರ್ಷ ಅವು ಬಾರದೇ ಇದ್ದದ್ದು, ಎಲ್ಲ ಹೇಳಿದರು. "ಬೆಳಿ ತಿಂದದ್ದು ನಮ್ಮದು, ಫೋಟೋ ಹೊಡಕೊಂಡು ಹೋಗೋರು ನೀವು" ಅಂತ ನನಗೊಂದು ಏಟನ್ನೂ ಕೊಟ್ಟರು. ಪೀಕು ಕಳಕೊಂಡವರ ಸಿಟ್ಟು, ಅದಕ್ಕೆ ಎದುರಾಡುವ ಹಾಗಿರಲಿಲ್ಲ.

ಶಾಲೆಯವರು ಇವರನ್ನು ಕೇಳಬಹುದಿತ್ತಲ್ಲ ಅನಿಸಿತು. ಹೊರಡುವ ಮುಂದೆ, ಡಿಸೆಂಬರಿನಿಂದ ಫೆಬ್ರವರಿತನಕ ವಾರಕ್ಕೊಮ್ಮೆ ಮಕ್ಕಳಿಗೆ ಹೀಗೇ ಹೇಳ್ತೀರಾ, ಒಂದು ಖುರ್ಚಿ, ಒಂದು ದುರ್ಬೀನು, ದಿನದ ಕೂಲಿ ಯಾರಾದರೂ ಕೊಟ್ಟರೆ, ಅಂತ ಕೇಳಿದೆ. ಶನಿವಾರ ಆಗಬಹುದಾ ಅಂದೆ, ಅಮೆರಿಕದ ರೂಢಿಯಲ್ಲಿ. ಅವರು ಬೀಡಿ ಆರಿಸಿದರು. "ಶನಿವಾರ ಮುಂಜಾನಿ ಸಾಲಿ ಇರ್ತೈತಿ. ರವಿವಾರ ಇಡ್ರಿ."