ಸತ್ಯಾಂಶ: ಬಾರ್ಡರ್ ಕೋಲಿಗೆ ಕಲಿಸುವುದೇ ಬೇಡವಾ?

ಬಾರ್ಡರ್ ಕೋಲಿ ಎಂಬ ತಳಿಯ ನಾಯಿಯೊಂದು ಕುರಿ ಹಿಂಡನ್ನು ಚಕಚಕ ಅಂತ ದೊಡ್ಡಿಗೆ ಸೇರಿಸುವ ವಿಡಿಯೊ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಇದಕ್ಕೆ ಯಾರೂ ಕಲಿಸಿಲ್ಲ, ಎಲ್ಲ ರಕ್ತದಲ್ಲೇ ಬಂದಿದ್ದು ಎನ್ನುವುದು ಜೊತೆಗಿರುವ ಬರಹದ ಸಾರ. ಮೆಚ್ಚುಗೆಯಿಂದಲೇ ಹಂಚುತ್ತಾರೆ, ಆದರೆ ಇದು ಅರ್ಧ ನಿಜ.

ಕುರಿಯನ್ನು ದಿಟ್ಟಿಸುವುದು, ಮೈ ತಗ್ಗಿಸಿ ಹೊಂಚುವುದು ಬಾರ್ಡರ್ ಕೋಲಿಯ ಹುಟ್ಟುಗುಣ. ಹಿಂಡನ್ನು ಸುತ್ತಿ ಯಜಮಾನನ ಕಡೆಗೆ ತರುವ ಒಲವೂ ಅದಕ್ಕಿರುತ್ತದೆ. ಆದರೆ ನಾಯಿಗಳು ಕುರಿ ಹಿಂಡು ನಡೆಸುವ ಸ್ಪರ್ಧೆಗೆ ಅಷ್ಟು ಸಾಲದು. ಯಜಮಾನನಿಂದ ದೂರಕ್ಕೆ ಹಿಂಡನ್ನು ಅಟ್ಟಿಕೊಂಡು ಹೋಗುವುದು ಅದರ ಸ್ವಭಾವಕ್ಕೆ ಉಲ್ಟಾ, ಹಾಗಾಗಿ ಕಲಿಸಲೇಬೇಕು. ನಾಯಿಗೆ ಕೊಡುವ ಆಜ್ಞೆಗಳಲ್ಲಿ 'ಕಮ್ ಬೈ' ಅಂದರೆ ಹಿಂಡನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತು, 'ಅವೇ' ಅಂದರೆ ಅದರ ವಿರುದ್ಧ. ದೂರ ಜಾಸ್ತಿಯಾದರೆ ಸಿಳ್ಳೆಯಲ್ಲೇ ಮಾತುಕತೆ. ಬ್ರಿಟನ್ನಿನ ವೇಲ್ಸ್‌ನ ಬಾಲಾದಲ್ಲಿ 1873ರಲ್ಲೇ ಇಂಥ ಸ್ಪರ್ಧೆ ನಡೆದಿತ್ತು.

ನೀವೇ ಪರೀಕ್ಷಿಸಬಹುದು. ಆ ವಿಡಿಯೊದ ಮೂಲ ಸದ್ದು ತೆಗೆದು ಹಾಡು ಹಾಕಿದ್ದಾರಾ ನೋಡಿ. ಹಾಕಿದ್ದರೆ ಸಿಳ್ಳೆ ಕೇಳಿಸೋದೇ ಇಲ್ಲ, ಅಲ್ವಾ? ಕತ್ತರಿ ಹಾಕದ ಪೂರ್ತಿ ಓಟವೊಂದನ್ನು ಹುಡುಕಿ, ಸದ್ದು ಇಟ್ಟು ನೋಡಿ. ಯಾವುದಾದರೂ ಸ್ಪರ್ಧೆಯ ನಿಯಮಾವಳಿಯನ್ನೂ ಓದಿ. ಸುಮ್ನೆ ಕುರಿಗೆ ಬಾಯಿ ಹಾಕಿದ ನಾಯಿಯನ್ನು ಸ್ಪರ್ಧೆಯಿಂದಲೇ ಹೊರಗೆ ಕಳಿಸಬಹುದು ಎಂದು ಅಲ್ಲಿರುತ್ತದೆ.