ಬೀದಿಗೆ ಬಿದ್ದವರೆಲ್ಲ ಸೋಮಾರಿಗಳಾ? ಒಂದು ಸ್ಪಷ್ಟನೆ

"ದುಬಾರಿ ನಗರಗಳಲ್ಲಿ ಮನೆಯಿಲ್ಲದವರೆಲ್ಲ ಕುಡುಕರು, ಸೋಮಾರಿಗಳು. ಎಲ್ಲೆಲ್ಲಿಂದಲೋ ಬಂದು ಸೇರಿಕೊಂಡವರು" ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಚಟವೇ ಮುಖ್ಯ ಕಾರಣವಾಗಿದ್ದರೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲೇ ಮನೆಯಿಲ್ಲದವರು ಜಾಸ್ತಿ ಇರಬೇಕಿತ್ತು, ಅಲ್ವಾ? ಡ್ರಗ್ಸ್ ಸಾವಿನ ಪ್ರಮಾಣದಲ್ಲಿ ಆ ರಾಜ್ಯ ಎಷ್ಟೋ ವರ್ಷ ದೇಶಕ್ಕೇ ಮೊದಲು. ಆದರೆ ಅಲ್ಲಿ ಬಾಡಿಗೆ ಕಡಿಮೆ, ಮನೆಯಿಲ್ಲದವರೂ ಕಡಿಮೆ. ಬಾಡಿಗೆ ಗಗನಕ್ಕೇರಿದ ಕ್ಯಾಲಿಫೋರ್ನಿಯಾದಲ್ಲಿ ಪರಿಸ್ಥಿತಿ ಉಲ್ಟಾ.

ಹೊರಗಿನವರು ಅನ್ನುವ ಮಾತೂ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 10ರಲ್ಲಿ 9 ಮಂದಿ ಮನೆ ಕಳೆದುಕೊಂಡಿದ್ದು ಅದೇ ರಾಜ್ಯದಲ್ಲಿ.

ಇನ್ನು ಸೋಮಾರಿತನ. ಕಾರಿನ ಹಿಂದಿನ ಸೀಟಲ್ಲಿ ಮಲಗಿ, ಬೆಳಗ್ಗೆ ಜಿಮ್ಮಲ್ಲಿ ಸ್ನಾನ ಮುಗಿಸಿ, ಹ್ಯಾಂಗರಿನಲ್ಲಿ ತೂಗುಹಾಕಿದ್ದ ಅಂಗಿ ತೊಟ್ಟು ಡ್ಯೂಟಿಗೆ ಹೋಗುವವರಿದ್ದಾರೆ. ಪಕ್ಕದಲ್ಲಿ ನಿಂತರೂ ನಮಗೆ ಗೊತ್ತಾಗುವುದಿಲ್ಲ. ಸಂಬಳದ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋದರೆ ಒಂದು ಆಸ್ಪತ್ರೆ ಬಿಲ್ ಸಾಕು, ಬಾಡಿಗೆ ಕಟ್ಟುವುದು ತಪ್ಪುತ್ತದೆ. ಮನೆ ಬಿಟ್ಟ ಮೇಲೆ ಮತ್ತೆ ಮುಂಗಡ ಹೊಂದಿಸುವುದೇ ದೊಡ್ಡ ಕಷ್ಟ.

ಚಟ, ಮಾನಸಿಕ ಕಾಯಿಲೆ ಇರುವವರೂ ಇದ್ದಾರೆ, ನಿಜ. ಬಾಡಿಗೆ ಏರಿದಾಗ ಮೊದಲು ಮನೆ ಕಳೆದುಕೊಳ್ಳುವವರಲ್ಲಿ ಅವರೂ ಸೇರುತ್ತಾರೆ. ಕೆಲವರಿಗೆ ಚಟ ಹತ್ತುವುದೇ ಬೀದಿಗೆ ಬಂದ ಮೇಲೆ.